ಸಮುದ್ರದ ದಂಡೆಯಲ್ಲಿ ಮಾವನವರ ಹೆಸರು

ನಮ್ಮ ಮನೆಯವರನ್ನು ಕಟ್ಟಿಕೊಂಡು ಎಲ್ಲಿಗೇ ಹೋಗಲಿ, ಹೋದ ಕೆಲಸ ಒಂದು, ಊರಿಗೆ ಹೊತ್ತು ತರುವ ಸುದ್ದಿ ಇನ್ನೊಂದು. ಮದುವೆಗೆ ಹೋಗಿ ಬೇರೆ ಯಾರದೋ ಮದುವೆಯ ಪಂಕ್ತಿಯಲ್ಲಿ ಉಂಡು ಬಂದಿದ್ದೇವೆ. ಕನ್ಯೆ ನೋಡಲು ಹೋದವರು ಎಮ್ಮೆ ಕೊಂಡು ಬಂದಿದ್ದೇವೆ. ಅಂಥವರು ಸಮುದ್ರಕ್ಕೆ ಹೋದರೆ ಸುಮ್ಮನೆ ಬರುತ್ತೇವೆಯೇ?

ನಾನು ಆಗ ಸಿಂದಗಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆ. ಏಕೀಕರಣವಾದ ಮೇಲೆ ನಮ್ಮ ತರಗತಿಯ ಗೋಡೆಗೆ ಹೊಸ ನಕಾಶೆ ಬಂದಿತ್ತು. ಅದರ ಪಶ್ಚಿಮಕ್ಕೆಲ್ಲ ನೀಲಿ ಬಣ್ಣ. ಕೋಲು ಇಟ್ಟು "ಇದು ಸಮುದ್ರ" ಅಂದೆ. ಮುಂದೆ ಕೂತ ಹುಡುಗಿ "ಅಕ್ಕಾವರ, ನೀವು ನೋಡೀರೇನ್ರಿ?" ಅಂದಳು. ನೋಡಿರಲಿಲ್ಲ. ಆ ಪ್ರಶ್ನೆ ಮನೆಯ ತನಕ ಬೆನ್ನು ಹತ್ತಿ ಬಂತು.

ಕಾರವಾರದ ಕಡೆ ಸಮುದ್ರದ ದಂಡೆಗೇ ಸರಕಾರದವರು ಒಂದು ತೋಟ ಮಾಡಿದ್ದಾರೆ, ಸಂಸಾರಸ್ಥರು ಮಕ್ಕಳು ಮರಿ ಸಮೇತ ಹೋಗಿ ಅಲ್ಲೇ ಅಡುಗೆ ಮಾಡಿಕೊಂಡು ಉಂಡು ಆಡಿ ಬರಬಹುದು ಎಂದು ಯಾರೋ ಹೇಳಿದರು. ನನ್ನ ಗಂಡ ಒಪ್ಪಿದರು. ಪಕ್ಕದ ಮನೆಯ ಪಾತ್ರೆ ಭಾಂಡಿ ಅಂಗಡಿಯ ಸಾಹೇಬರು ತಮ್ಮ ಮನೆಯಾಕೆಯನ್ನೂ, ಅಂದರೆ ನಮ್ಮ ಓಣಿಯ ಚಾಚಿಯನ್ನೂ, ಕರೆದುಕೊಂಡು ಬರುತ್ತೇನೆ ಅಂದರು. ಓಣಿಯ ಇನ್ನಷ್ಟು ಸಂಸಾರಗಳು ಸೇರಿ ಒಂದು ಬಸ್ಸು ಗೊತ್ತಾಯಿತು.

ಅಡ್ಡ ಬಂದವರು ನಮ್ಮ ಅತ್ತೆಯೊಬ್ಬರೇ. "ಎಲ್ಲಾರನೂ ನೀರಿಗಿ ಕರಕೊಂಡು ಹೊಂಟೀದಿ. ಹೋದವರು ಹೋದಂಗ ಹೊಳ್ಳಿ ಬರಬೇಕು ನೋಡು. ಒಬ್ರು ಕಡಿಮಿ ಆದ್ರೂ ನಿನ್ನ ಕೇಳಾಕಿ ನಾ" ಅಂದರು. ಆಗಲಿರಿ ಅಂದೆ. ಅಂದ ಮೇಲೆ ಊರು ಬಿಡುವ ತನಕ ಬರುವವರ ತಲೆ ಎಣಿಸುವುದೇ ನನ್ನ ಕೆಲಸವಾಯಿತು.

ಸಮುದ್ರಕ್ಕೆ ನೀರು

ನಮ್ಮ ಮಾವನವರ ಊರು ಇಂಡಿ ತಾಲೂಕಿನ ಭೀಮಾ ದಂಡೆ. ಭೀಮೆಯ ನೀರು ಬಿಟ್ಟು ಬೇರೆ ನೀರು ನೀರೇ ಅಲ್ಲ ಎನ್ನುವ ಮನುಷ್ಯ. ಹೊರಡುವ ದಿನ ಚಕ್ಕಡಿಯಲ್ಲಿ ಎರಡು ಹಂಡೆ ಭೀಮೆಯ ನೀರು ತರಿಸಿ, ಬಾಯಿಗೆ ಅರಿವೆ ಕಟ್ಟಿ, ಬಸ್ಸಿನೊಳಗೆ ಇಡಿಸಿದರು.

ಡ್ರೈವರನಿಗೆ ನಗು ತಡೆಯಲಾಗಲಿಲ್ಲ. ಹತ್ತೂರ ನೀರು ಕುಡಿದವನು ತಾನು ಎಂದು ಅವನ ಜಂಬ. "ಯಜಮಾನ್ರ, ಸಮುದ್ರಕ್ಕ ನೀರು ಒಯ್ಯೂದು ನಾ ಇದs ಮೊದಲ ನೋಡಿದ್ದು" ಅಂದ. ಬಾಗೇವಾಡಿಯಲ್ಲಿ ಚಹಾಕ್ಕೆ ನಿಂತಾಗ ಚಹಾದವನಿಗೂ ಹೇಳಿದ, ಅವನೂ ನಕ್ಕ. ದಾರಿಯುದ್ದಕ್ಕೂ ಬಸ್ಸು ನಿಂತಲ್ಲೆಲ್ಲ ಅದೇ ಸುದ್ದಿ. ಮಾವ ಪ್ರತಿ ಸಲ ಹಂಡೆಯ ಬಾಯಿಯ ಅರಿವೆ ಬಿಗಿ ಮಾಡುವರು.

ಸಮುದ್ರ ಕಂಡದ್ದೇ ಡ್ರೈವರ್ ಎಲ್ಲರಿಗಿಂತ ಮುಂದೆ ಓಡಿದ. ಬೊಗಸೆ ತುಂಬ ನೀರು ತೆಗೆದು ಮುಖ ತೊಳೆದು, ಇನ್ನೊಂದು ಬೊಗಸೆ ಬಾಯಿಗೆ ಹಾಕಿಕೊಂಡ. ಹಾಕಿಕೊಂಡವನು ಹಾಗೆಯೇ ನಿಂತ. ಆಮೇಲೆ ಎಲ್ಲವನ್ನೂ ಉಗುಳಿ, ಕೆಮ್ಮುತ್ತ, "ಉಪ್ಪಂತ ಕೇಳಿದ್ನಿರಿ, ಇಷ್ಟು ಉಪ್ಪಂತ ಯಾರೂ ಹೇಳಿದ್ದಿಲ್ಲ" ಅಂದ.

ಮಾವ ಭೀಮೆಯ ನೀರು ತುಂಬಿದ ತಂಬಿಗೆ ಹಿಡಿದು ಅವನ ಹಿಂದೆಯೇ ನಿಂತಿದ್ದರು. "ತಗೋ ತಮ್ಮಾ. ಕುಡಿ, ಕುಡಿದು ನಗು" ಅಂದರು.

ತವರಿನ ರುಚಿ

ಅತ್ತೆಯ ತವರು ಮುದ್ದೇಬಿಹಾಳದ ಕಡೆ, ಡೋಣಿ ಹೊಳೆಯ ದಂಡೆ. ಡೋಣಿ ನೀರು ಉಪ್ಪು ಎನ್ನುವುದು ನಮ್ಮ ಜಿಲ್ಲೆಗೆಲ್ಲ ಗೊತ್ತು. ಮದುವೆಯಾದಾಗಿನಿಂದ ಮಾವ ಅದನ್ನೇ ಹಿಡಿದು ಕಾಡಿದವರು. ಸಾರಿಗೆ ಉಪ್ಪು ಹೆಚ್ಚಾದರೆ "ತವರು ನೆನಪಾತೇನು?" ಎನ್ನುವರು. ಕಡಿಮೆಯಾದರೆ "ನಿಮ್ಮಪ್ಪಗ ಒಂದು ಕೊಡ ನೀರು ಕಳಸಂತ ಹೇಳು" ಎನ್ನುವರು. ಅತ್ತೆ "ಡೋಣಿ ಹರಿದರ ಓಣೆಲ್ಲ ಕಾಳು, ಅದು ಮರತೀರೇನು?" ಎಂದು ಬಾಯಿ ಮುಚ್ಚಿಸಲು ನೋಡುವರು. ಆದರೆ ಮಾವ ಹೆಣ್ಣು ನೋಡಲು ಹೋದಾಗ ಅಲ್ಲಿಯ ನೀರು ಕುಡಿದು ಮುಖ ಕಿವಿಚಿದವರು, ಅಲ್ಲಿಂದ ಮುಂದೆ ಆ ಊರಲ್ಲಿ ಒಂದು ಗುಟುಕು ನೀರು ಮುಟ್ಟಿರಲಿಲ್ಲ. ಹಬ್ಬಕ್ಕೆ ಅತ್ತೆಯ ತವರಿಗೆ ಹೋದರೂ ಮಜ್ಜಿಗೆ ಕುಡಿದೇ ಎದ್ದು ಬರುವರು.

ಈಗ ಡ್ರೈವರ್ ಉಗುಳುವುದನ್ನು ಕಂಡು ಅತ್ತೆ ಸೀರೆಯ ನಿರಿಗೆ ಎತ್ತಿ ಹಿಡಿದು ತೆರೆಯ ತನಕ ಹೋದರು. ಬೆರಳು ಅದ್ದಿ ನಾಲಿಗೆಗೆ ಇಟ್ಟರು. ಇನ್ನೊಮ್ಮೆ ಇಟ್ಟರು. ಅವರ ಮುಖದ ಮೇಲೆ ಬಂದ ಬೆಳಕನ್ನು ನಾನು ನನ್ನ ಮಗ ಹುಟ್ಟಿದ ದಿನ ಮಾತ್ರ ನೋಡಿದ್ದೆ.

"ಇದು ನಮ್ಮ ಡೋಣಿ ನೀರs ಐತಲ್ಲ" ಅಂದರು. ಆಮೇಲೆ ಮಾವನ ಕಡೆ ನೋಡದೆ, ಚಾಚಿಗೆ ಹೇಳುವವರ ಹಾಗೆ, "ನೋಡವಾ, ಕಣ್ಣು ಮುಟ್ಟೂತನಕ ನಮ್ಮ ಕಡೀದs ನೀರು. ಭೀಮಿ ನೀರು ಎಲ್ಲೈತಿ? ಎರಡು ಹಂಡ್ಯಾಗ ಐತಿ" ಅಂದರು.

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಮಾವ ಕೊಡೆ ತೆಗೆದುಕೊಂಡರು, ರೊಟ್ಟಿಯ ಗಂಟು ತೆಗೆದುಕೊಂಡರು, ದೂರ ಹೋಗಿಬಿಟ್ಟರು.

ಪಂಚಮಿ ಇಲ್ಲದ ಜೋಕಾಲಿ

ತೋಟ ಚಂದವಿತ್ತು. ಗಾಳಿಮರಗಳ ನೆರಳು, ಒಲೆ ಹೂಡಲು ಕಲ್ಲು, ಕೂಡಲು ಬೆಂಚಿನಂಥ ಬಾಕು. ನಾವು ಬಾಕಿನ ಮೇಲೆ ಬುತ್ತಿ ಇಟ್ಟು ನೆಲದ ಮೇಲೆ ಕೂತೆವು. ಮಕ್ಕಳಿಗೆಂದು ಕಬ್ಬಿಣದ ಸರಪಳಿಯ ಜೋಕಾಲಿಗಳನ್ನೂ ಹಾಕಿದ್ದರು.

ನಮ್ಮ ಕಡೆ ಜೋಕಾಲಿ ಎಂದರೆ ನಾಗರ ಪಂಚಮಿ, ಪಂಚಮಿ ಎಂದರೆ ಹೆಣ್ಣುಮಕ್ಕಳು. ಅದರಲ್ಲಿ ಮಕ್ಕಳ ಕೆಲಸವೇನಿದ್ದರೂ ತೂಗುವುದು. ಮೊದಲು ಚಾಚಿ ಹತ್ತಿದರು, ಆಮೇಲೆ ಎಲ್ಲರೂ. ಕಚ್ಚೆ ಬಿಗಿದು ನಿಂತೇ ಜೀಕಿದರು. ಒಬ್ಬಾಕೆ ಕಾಲಿನಿಂದ ಗಾಳಿಮರದ ಟೊಂಗೆ ಮುಟ್ಟಿ ಬಂದಳು.

ತೋಟದ ಕಾವಲುಗಾರ ಸೀಟಿ ಊದುತ್ತ ಓಡಿ ಬಂದ. "ಇದು ಮಕ್ಕಳದ್ದು, ದೊಡ್ಡವ್ರು ಹತ್ತೂಕಿಲ್ಲ" ಅಂದ.

ಚಾಚಿ ಜೀಕುತ್ತಲೇ ಉತ್ತರ ಕೊಟ್ಟರು. "ನಾವೂ ಯಾರೋ ಒಬ್ರ ಮಕ್ಕಳs ಅದೇವಿ, ಅಣ್ಣಾ."

ಆತ ತಲೆ ಕೆರೆದುಕೊಂಡು ತನ್ನ ಹೆಂಡತಿಯನ್ನು ಕರೆದು ತಂದ. ಹೆಂಗಸಿನ ಮಾತು ಹೆಂಗಸರು ಕೇಳಿಯಾರು ಎಂದು ಅವನ ಲೆಕ್ಕ. ಆಕೆ ಬಂದಳು, ಸ್ವಲ್ಪ ಹೊತ್ತು ನೋಡಿದಳು, ಸೆರಗು ಸಿಕ್ಕಿಸಿದಳು. ಆಮೇಲೆ ಆ ಮಧ್ಯಾಹ್ನವೆಲ್ಲ ಅವಳನ್ನು ಜೋಕಾಲಿಯಿಂದ ಇಳಿಸಲು ಅವನಿಗೆ ಆಗಲಿಲ್ಲ.

ಒಡಪು

ಊಟಕ್ಕೆ ಎಲೆ ಹಾಕುವಾಗ ನಾನು ತಲೆ ಎಣಿಸಿದೆ. ಅತ್ತೆಗೆ ಕೊಟ್ಟ ಮಾತು ತಲೆಯಲ್ಲಿ ಕೂತಿತ್ತಲ್ಲ. ಮಾವ ಇರಲಿಲ್ಲ.

ನೋಡಿದರೆ ದೂರದಲ್ಲಿ, ನೀರಿನ ನಡುವೆ ಒಂದು ಕರಿ ಬಂಡೆ. ಅದರ ಮೇಲೊಂದು ಕೊಡೆ. ಕೊಡೆಯ ಕೆಳಗೆ ನಮಗೆ ಬೆನ್ನು ಮಾಡಿ ಕೂತ ಮಾವ. ಸಿಟ್ಟು ಮಾಡಿ ಹೋದಾಗ ಅದು ಒಣ ಉಸುಕಿನ ಮೇಲಿನ ಬಂಡೆ. ಈಗ ಸುತ್ತ ಎದೆ ಮುಳುಗುವಷ್ಟು ನೀರು. ಮಳೆ ಇಲ್ಲದೆ, ಮೋಡ ಇಲ್ಲದೆ ನೀರು ಏರುತ್ತದೆ ಎಂದು ಶಾಲೆಯಲ್ಲಿ ಉಬ್ಬರದ ಪಾಠ ಮಾಡುವ ನಾನೇ ಮರೆತಿದ್ದೆ. ಕೈಯಲ್ಲಿದ್ದ ಎಲೆ ಅಲ್ಲೇ ಬಿಟ್ಟು ಕಾವಲುಗಾರನನ್ನು ಕೂಗಿದೆ.

ಅತ್ತೆ ಬಡಿಸಲು ಕೈಗೆ ತೆಗೆದುಕೊಂಡ ರೊಟ್ಟಿ ಕೆಳಗಿಟ್ಟರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು.

ಕಾವಲುಗಾರ ಒಬ್ಬ ಮೀನುಗಾರನನ್ನೂ ಅವನ ನಾವೆಯನ್ನೂ ಕರೆತಂದ. ಮೀನುಗಾರ ಬಂಡೆ ನೋಡಿ ಅಂದ: "ಹೆದರೂದು ಬೇಡ. ಆದ್ರೆ ಆಚೆ ಮಗ್ಗಲಲ್ಲಿ ತೆರೆ ಜೋರು, ನಾವೆ ನಿಲ್ಲೂದಿಲ್ಲ. ಅವ್ರು ಎದ್ದು ಈಚೆ ಮಗ್ಗಲಿಗೆ ಬರಬೇಕು. ಕರೀರಿ."

ಕಾವಲುಗಾರನ ಹತ್ತಿರ ತಗಡಿನ ಭೋಂಗಾ ಇತ್ತು. ಅದಕ್ಕೆ ಬಾಯಿ ಹಚ್ಚಿ "ಓ ಅಜ್ಜಾ" ಎಂದು ಕೂಗಿದ. ಮಾವ ತಿರುಗಲಿಲ್ಲ. "ಓ ಯಜಮಾನ್ರೇ" ಅಂದ. ಕೊಡೆ ಅಲುಗಾಡಲಿಲ್ಲ. "ಹೆಸರು ಹಿಡಿದು ಕರೀಬೇಕು. ಹೆಸರೇನು?" ಎಂದು ನಮ್ಮ ಕಡೆ ತಿರುಗಿದ.

ಯಾರೂ ಮಾತಾಡಲಿಲ್ಲ. ನನ್ನ ಗಂಡ ಮತ್ತು ಸಾಹೇಬರು ಡ್ರೈವರನ ಜೊತೆ ಬಸ್ಸಿನ ಗಾಲಿ ದುರಸ್ತಿಗೆಂದು ಪೇಟೆಗೆ ಹೋಗಿದ್ದರು. ಉಳಿದ ಗಂಡಸರೂ ತಮಾಷೆ ನೋಡಲು ಅವರ ಬೆನ್ನು ಹತ್ತಿದ್ದರು. ಚಾಚಿಗೆ, ಓಣಿಯ ಉಳಿದ ಹೆಂಗಸರಿಗೆ ಅವರು ಬರೀ ಮಾಮಾ. ನನ್ನ ಮಗನಿಗೆ ಬರೀ ಮುತ್ಯಾ. ದಿನಾ ಹಾಜರಿ ಕೂಗುವ ಬಾಯಿ ನನ್ನದು, ಹೋಗಲಿ ನಾನೇ ಹೇಳೋಣವೆಂದು ತೆರೆದೆ. ಅತ್ತೆ ಅಂಗೈ ಅಡ್ಡ ಹಿಡಿದರು. "ಸೊಸಿ ಆಗಿ ಮಾವನ ಹೆಸರು ಹೇಳತೀಯೇನು? ನಾ ಇನ್ನೂ ಅದೇನಿ" ಅಂದರು.

ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬರಿದೇ ಹೇಳುವಂತಿಲ್ಲ. ಮದುವೆಯ ದಿನ ಹೊಸ್ತಿಲಲ್ಲಿ ಅಡ್ಡಗಟ್ಟಿದಾಗ ಪ್ರಾಸ ಹಾಕಿ ಒಡಪು ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳಬೇಕು. ಅತ್ತೆ ಹೊಸ್ತಿಲು ದಾಟಿದ ದಿನ ಹೇಳಿದ್ದೇ ಮೊದಲು, ಅದೇ ಕಡೆ.

ಕಾವಲುಗಾರ ಕಣ್ಣು ಬಿಡುತ್ತ ನಿಂತ. ಅತ್ತೆ ಅವನ ಕೈಯಿಂದ ಭೋಂಗಾ ಕಸಿದುಕೊಂಡರು. ತಲೆಯ ಮೇಲೆ ಸೆರಗು ಎಳೆದುಕೊಂಡರು. ನೀರು ಮೊಣಕಾಲಿಗೆ ಬರುವ ತನಕ ಒಳಗೆ ನಡೆದರು. ಒಂದಕ್ಷರ ತಪ್ಪದೆ ಕೂಗಿದರು:

"ಸುತ್ತ ಉಪ್ಪಿನ ನೀರ, ನಡುವ ಕರಿಕಲ್ಲ,
ಕಲ್ಲಿನ ಮ್ಯಾಲ ಕುಂತವರಿಗಿ ದಿಗಿಲಿಲ್ಲ,
ನಿಂಗಪ್ಪನವರು ದಂಡಿಗಿ ಬರೂತನಕ ನನ್ನ ಗಂಟಲದಾಗ ತುತ್ತ ಇಳಿಯೂದಿಲ್ಲ."

ಕೊಡೆ ಮಡಚಿಕೊಂಡಿತು. ಮಾವ ಎದ್ದರು. ಈಚೆ ಮಗ್ಗಲಿಗೆ ಬಂದು, ಬಸ್ಸು ಹತ್ತುವವರ ಹಾಗೆ ನಾವೆಯೊಳಗೆ ಕಾಲಿಟ್ಟರು. ನನಗೆ ಹೋದ ಜೀವ ಬಂತು. ಅಲ್ಲೇ ಉಸುಕಿನ ಮೇಲೆ ಕೂತು ಅತ್ತುಬಿಟ್ಟೆ.

ದಂಡೆಗೆ ಬಂದವರ ರೊಟ್ಟಿಯ ಗಂಟು ಬಿಚ್ಚಿ ನೋಡಿದರೆ ಮೂರು ಪಾಲು ಮಾಡಿ ಇಟ್ಟಿದ್ದರು, ಒಂದು ಪಾಲು ಮಾತ್ರ ಖಾಲಿ. "ಭೀಮಿ ತುಂಬಿ ಬಂದ್ರ ಮೂರು ದಿನ ಇಳಿಯೂದಿಲ್ಲ. ಏರು ಜಾಗಾ ಹಿಡಿದು ಸುಮ್ಮ ಕುಂಡ್ರಬೇಕು. ಇನ್ನೂ ಎರಡು ದಿನದ್ದು ಇತ್ತು, ನೀವs ಗಡಿಬಿಡಿ ಮಾಡಿದ್ರಿ" ಅಂದರು.

ಹೊರಟಾಗ ಬಸ್ಸಿನಲ್ಲಿ ಎಲ್ಲರೂ ಇದ್ದರು. ಎರಡು ಸಲ ಎಣಿಸಿದೆ. ಎದೆ ಹಗುರಾಯಿತು. ಹಗುರಾದ ಮೇಲೆ ಕೇಳುವ ಧೈರ್ಯ ಬಂತು. "ಮಾವ, ಆ ಕಾವಲುಗಾರ ಅಷ್ಟು ಕೂಗಿದ್ರೂ ಕೇಳಲಿಲ್ಲೇನ್ರಿ?"

"ಮೊದಲನೇದಕ್ಕs ಕೇಳಿತ್ತು" ಅಂದರು. "ನಡುವ ಎಲ್ಲಾರೂ ಸುಮ್ಮನಾದ್ರಿ. ನಿಮ್ಮತ್ತಿ ಹೆಸರು ಹೇಳಬೇಕಾದ ಪಾಳಿ ಬಂತಂತ ತಿಳೀತು. ಮದಿವ್ಯಾಗ ಹೇಳಿದಾಗ ಡೊಳ್ಳಿನ ಗದ್ದಲದಾಗ ಸರಿ ಕೇಳಿದ್ದಿಲ್ಲ."

ಮುಂದಿನ ಸೀಟಿನಲ್ಲಿದ್ದ ಅತ್ತೆ ತಿರುಗಲಿಲ್ಲ. ಕಿಟಕಿಯ ಆಚೆ ನೋಡುತ್ತಲೇ ಅಂದರು: "ಇನ್ನೊಮ್ಮಿ ಕೇಳಬೇಕಂದ್ರ ಡೋಣಿ ದಂಡಿಗಿ ಬಂದು, ಒಂದು ತಂಬಿಗಿ ನೀರು ಕುಡದು ಕೇಳಂತ ಹೇಳು ನಿಮ್ಮ ಮಾವಗ."

ಮಾವ ಕೆಮ್ಮಿದರು. ರುಮಾಲು ಸರಿ ಮಾಡಿಕೊಂಡು ಎದ್ದು, ಸೀಟು ಹಿಡಿದುಕೊಳ್ಳುತ್ತ ಡ್ರೈವರನ ಹತ್ತಿರ ಹೋಗಿ ಬಾಗಿದರು.

"ತಮ್ಮಾ, ಮುದ್ದೇಬಿಹಾಳದ ಮ್ಯಾಲೆ ಹಾದು ಹೋದ್ರ ಭಾಳ ಸುತ್ತ ಆಗತೈತೇನು?"