ಕುಟ್ಟಾಣಿಯ ಎರಡು ಮಗ್ಗುಲು

ಅತ್ತೆ ಅದನ್ನು ತೊಳೆದುಬಿಟ್ಟಿದ್ದರು. ಸುಮ್ಮನೆ ನೀರು ಚಿಮುಕಿಸಿದ್ದಲ್ಲ. ಸೋಪಿನ ಪುಡಿ ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಂದುಗೊಂದನ್ನೆಲ್ಲ ತಿಕ್ಕಿ, ಎರಡು ನೀರಿನಲ್ಲಿ ಜಾಲಿಸಿ, ಕಿಟಕಿಕಟ್ಟೆಯ ಮೇಲೆ ಎಳೆಬಿಸಿಲಿಗೆ ಒಣಗಲು ಇಟ್ಟಿದ್ದರು. ಮೊಳದುದ್ದದ ಹಳದಿ ಯಂತ್ರದ ಮಾದರಿ ಎಣ್ಣೆನೀರು ಕಂಡ ಕೂಸಿನಂತೆ ತಣ್ಣಗೆ ಕೂತಿತ್ತು.

ಆಗಷ್ಟೇ ಎದ್ದು ಬಂದ ಅಳಿಯ ಇಕ್ಕಳ ಕಿಟಕಿಯತ್ತ ಓಡಿದ.

"ಅತ್ತೇ, ಇದೇನು ಮಾಡಿದ್ರಿ!"

"ಏನು ಮಾಡ್ದೆ? ತೊಳ್ದೆ. ದೊಡ್ಡ ಸಾಹೇಬ್ರ ಮುಂದೆ ಇಡೋ ಸಾಮಾನು ಅಂತೀರಿ, ಮೈತುಂಬ ಧೂಳು, ಜಿಡ್ಡು. ನೋಡಿದೋರು ಈ ಮನೇಲಿ ಹೆಂಗಸರೇ ಇಲ್ವೇನೋ ಅಂದ್ಕೊಳ್ಳಲ್ವಾ?"

"ಆ ಧೂಳು ನಾನೇ ಹಚ್ಚಿದ್ದು!"

ಅತ್ತೆ ಮಗಳ ಕಡೆ ತಿರುಗಿದರು. "ಕೇಳಿದ್ಯೇನೇ? ಧೂಳು ಇವರೇ ಹಚ್ಚಿದ್ದಂತೆ. ಸಂಬಂಧ ನೋಡೋವಾಗ ಈ ವಿಷಯ ಯಾರೂ ಬಾಯಿ ಬಿಡ್ಲಿಲ್ಲ ನೋಡು."

"ಡಬ್ಬಿಗಳೆಲ್ಲಿ? ಆ ಪುಡಿ ಡಬ್ಬಿಗಳು?" ಇಕ್ಕಳ ಮೇಜಿನ ಕೆಳಗೆ ತಡಕಾಡಿದ.

"ಅವುಗಳಲ್ಲಿ ಬರೀ ಮಣ್ಣು ತುಂಬಿತ್ತು. ಚೆಲ್ಲಿ, ತೊಳೆದು, ಸಕ್ಕರೆ ಹಾಕಿಟ್ಟಿದ್ದೀನಿ."

ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ಒಳಗೆ ಹೋದಳು. ಗೋಡೆಯಾಚೆ ಅವಳು ನಕ್ಕ ಸದ್ದು ಸ್ಪಷ್ಟವಾಗಿ ಕೇಳಿಸಿತು.

ಇಕ್ಕಳ ರೈಲು ಹಳಿ ದುರಸ್ತಿ ಡಿಪೋದ ಫಿಟ್ಟರು. ಜೇಬಿನಲ್ಲಿ ಸದಾ ಒಂದು ಸಣ್ಣ ಇಕ್ಕಳ ಇಟ್ಟುಕೊಂಡಿರುತ್ತಿದ್ದುದರಿಂದ ಆ ಹೆಸರು. ಸಂಬಳದ ದಿನ ಬಿಟ್ಟರೆ ಅವನ ನಿಜವಾದ ಹೆಸರನ್ನು ಯಾರೂ ಕೂಗುತ್ತಿರಲಿಲ್ಲ. ಹಳಿಯ ಮೇಲೇ ಓಡುತ್ತ ಅದರ ಅಡಿಯ ಜಲ್ಲಿಯನ್ನು ಕುಟ್ಟಿ ಗಟ್ಟಿ ಮಾಡುವ ಒಂದು ಮುದಿ ಯಂತ್ರ ಡಿಪೋದಲ್ಲಿತ್ತು. ಎಲ್ಲರ ಬಾಯಲ್ಲೂ ಅದು ಕುಟ್ಟಾಣಿ. ಅದು ಒಂದು ದಿನ ಕುಟ್ಟಿದರೆ ಎರಡು ದಿನ ಕೆಟ್ಟು ನಿಲ್ಲುತ್ತಿತ್ತು, ಆ ಎರಡು ದಿನವೂ ಇಕ್ಕಳ ಕಾದ ಜಲ್ಲಿಯ ಮೇಲೆ ಮಂಡಿಯೂರಿ, ಅಂಗಾತ ಮಲಗಿ ಅದರ ಹೊಟ್ಟೆ ನೋಡುತ್ತಿರಬೇಕಿತ್ತು. ಮಂಡಿ ಸವೆದು ಡಾಕ್ಟರ ಬಳಿ ಹೋದರೆ, ಅವರು ಬೀಡಿ ಬಿಡು, ಕುಡಿತ ಬಿಡು ಅನ್ನುವ ಧಾಟಿಯಲ್ಲೇ "ಬಿಸಿಲು ಬಿಡು, ಮಂಡಿ ಮಡಿಸೋದು ಬಿಡು" ಎಂದು ಕಳಿಸಿದ್ದರು. ಬಿಸಿಲು ಅವನ ಚಟವಾಗಿತ್ತೇನೋ!

ಅಷ್ಟರಲ್ಲಿ ಕೇಂದ್ರ ಕಚೇರಿಯಲ್ಲಿ ಮಾದರಿಗಳ ಕೋಣೆ ತೆರೆಯುತ್ತಾರೆಂಬ ಸುದ್ದಿ ಬಂತು. ಅಲ್ಲಿ ಕೂತು ಯಂತ್ರಗಳ ಪುಟ್ಟ ಮಾದರಿ ಮಾಡಲು ಒಬ್ಬ ಬೇಕಂತೆ. ಮೇಜು, ಕುರ್ಚಿ, ತಲೆಯ ಮೇಲೆ ಫ್ಯಾನು. ಡಿಪೋ ಡಿಪೋಗೂ ಹೋಗಿ ದೊಡ್ಡ ಸಾಹೇಬರೇ ಆರಿಸುತ್ತಾರಂತೆ. ಇಂದು ಈ ಡಿಪೋದ ಸರದಿ.

ಇಕ್ಕಳ ಕುಟ್ಟಾಣಿಯ ಮಾದರಿ ಮಾಡಿದ್ದ. ತಗಡು ಕತ್ತರಿಸಿ, ತಂತಿ ಬಗ್ಗಿಸಿ, ಹಳದಿ ಬಣ್ಣ ಕೊಟ್ಟ ದಿನ ಅದು ಆಟಿಕೆಯಾಗಿತ್ತು. ಆಮೇಲೆ ಶುರುವಾದದ್ದು ನಿಜವಾದ ಕೆಲಸ. ಅಸಲಿ ಯಂತ್ರದಿಂದ ತುಕ್ಕು ಕೆರೆದು ತಂದು, ತೆಳುಬಟ್ಟೆಯಲ್ಲಿ ಸೋಸಿ, ಕೂದಲಿನಷ್ಟು ಸಣ್ಣ ಬ್ರಷ್ಷಿನಿಂದ ಕೂರಿಸಿದ್ದ. ಮೆಟ್ಟಿಲ ಅಂಚಿನಲ್ಲಿ ಬೂಟು ತಾಗಿ ಬಣ್ಣ ಸವೆದ ಜಾಗ, ಬಲಗಡೆಯ ತೋಳಿನ ಕೊಳವೆಯಿಂದ ಇಳಿದ ಎಣ್ಣೆಯ ಗೆರೆ, ಮೂರು ಸಲ ಬೆಸುಗೆ ಹಾಕಿಸಿಕೊಂಡ ಬಿರುಕು, ಗಾಲಿಯ ಮೇಲೆ ಜಲ್ಲಿಯ ಧೂಳು. ಒಂದೊಂದು ಕಲೆಗೂ ವಿಳಾಸವಿತ್ತು. ಪುಡಿ ಉದುರದಂತೆ ಮೇಲೊಂದು ಮಂದ ವಾರ್ನಿಷ್ ಹೊಡೆಯುವುದಷ್ಟೇ ಬಾಕಿ. ಅದನ್ನು ಈ ಬೆಳಿಗ್ಗೆ ಹೊಡೆಯಬೇಕಿತ್ತು. ಅತ್ತೆ ಬೇಗ ಎದ್ದಿದ್ದರು.

ಒದ್ದೆ ಮಾದರಿಯನ್ನು ಟವೆಲ್ಲಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಇಕ್ಕಳ ಬೀದಿಗಿಳಿದ. ಪಕ್ಕದ ಮನೆಯ ಟೈಲರು ಕತ್ತರಿ ಕೆಳಗಿಟ್ಟು ಓಡಿಬಂದ. "ಮಗೂಗೆ ಹುಷಾರಿಲ್ವಾ? ಹೆರಿಗೆ ಯಾವಾಗ ಆಯ್ತು? ಒಂದು ಮಾತೂ ಹೇಳ್ಲಿಲ್ಲವಲ್ಲೋ!"

"ಮಗು ಅಲ್ಲ, ಯಂತ್ರ."

"ಪಾಪ," ಎಂದ ಟೈಲರು ಬೀದಿಗೆಲ್ಲ ಕೇಳುವಂತೆ, "ದುಃಖಕ್ಕೆ ಏನೇನೋ ಮಾತಾಡ್ತಿದ್ದಾನೆ."

ಡಿಪೋದಲ್ಲಿ ತುಕ್ಕಿಗೇನು ಬರ? ಇಕ್ಕಳ ನೇರ ಕುಟ್ಟಾಣಿಯ ಬಳಿ ಹೋಗಿ, ಕಾಗದ ಹಿಡಿದು ಚೂರಿಯಿಂದ ಕೆರೆಯತೊಡಗಿದ. ಕಾವಲುಗಾರ ಸೀಟಿ ಊದಿದ.

"ಏಯ್! ಇಲಾಖೆ ಆಸ್ತಿ ಕೆರೀತಿದ್ದೀಯಲ್ಲಾ!"

"ಅಣ್ಣಾ, ಇದು ತುಕ್ಕು."

"ಇಲಾಖೆ ಯಂತ್ರದ ಮೇಲೆ ಬೆಳೆದ ತುಕ್ಕು ಇಲಾಖೇದೇ. ಹಿಂಗೇ ಎಲ್ಲಾರೂ ಒಂದೊಂದು ಹಿಡಿ ತಗೊಂಡು ಹೋದ್ರೆ ಇಲ್ಲಿ ಏನು ಉಳೀತದೆ?"

ಪ್ರಶ್ನೆ ಸರಿಯಾಗಿತ್ತು. ತುಕ್ಕು ತೆಗೆದರೆ ಕುಟ್ಟಾಣಿಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಒಂದು ಟೀ ಕುಡಿಸಿ ಇಕ್ಕಳ ಹಿಡಿ ತುಕ್ಕನ್ನು ಬಿಡಿಸಿಕೊಂಡ.

ಸಾಮಾನು ಕೋಣೆಯ ಬೆಂಚಿನ ಮೇಲೆ ಕೂತು ಬಲಮಗ್ಗುಲಿಗೆ ಕೈ ಹಚ್ಚಿದ. ಮೂರು ತಿಂಗಳ ಕೆಲಸ ಬೆರಳಿಗೆ ಬಾಯಿಪಾಠವಾಗಿತ್ತು. ತುಕ್ಕು ಕೂತಿತು, ಬಿರುಕು ಬಾಯಿಬಿಟ್ಟಿತು, ಕೊಳವೆಯಿಂದ ಎಣ್ಣೆ ಇಳಿಯಿತು. ವಾರ್ನಿಷ್ ಹೊಡೆದು ಊದಿ ಒಣಗಿಸಿದ. ಬಲಮಗ್ಗುಲು ಮೊದಲಿಗಿಂತ ಚೆನ್ನಾಗಿಯೇ ಬಂದಿತ್ತು. ಎಡಮಗ್ಗುಲಿಗೆ ತಿರುಗಿಸಿಕೊಳ್ಳುವಷ್ಟರಲ್ಲಿ ಡಿಪೋದ ಪೇಂಟರು ಹೆಗಲ ಮೇಲಿಂದ ಇಣುಕಿದ.

"ಅಲ್ಲವೋ ಇಕ್ಕಳಾ, ಹೊಸಾ ಬಣ್ಣದ ಮೇಲೆ ತುಕ್ಕು ಬಳೀತಿದ್ದೀಯಲ್ಲೋ! ನಾನು ಜನ್ಮವೆಲ್ಲ ತುಕ್ಕಿನ ಮೇಲೆ ಬಣ್ಣ ಬಳ್ಕೊಂಡು ಅನ್ನ ತಿಂತಿದ್ದೀನಿ. ನನ್ನ ಹೊಟ್ಟೆ ಮೇಲೆ ಯಾಕೆ ಹೊಡೀತೀಯ?"

"ಇದು ಬೇರೆ ಕೆಲಸ ಕಣೋ. ಯಂತ್ರ ದುಡಿದಿದ್ದು ಕಾಣ್ಬೇಕು."

"ದುಡಿದಿದ್ದು ಕಂಡ್ರೆ ಯಾರಿಗೆ ಖುಷಿ? ನಿನ್ನ ಮಂಡಿ ನೋಡಿ ಯಾರಾದ್ರೂ ಚಪ್ಪಾಳೆ ಹೊಡೆದಿದ್ದಾರಾ?"

ಈ ಗದ್ದಲ ಕೇಳಿ ಮೇಲ್ವಿಚಾರಕರು ಬಂದರು. ಎಂಥ ಬಿಸಿಲಿನಲ್ಲೂ ಅವರ ಅಂಗಿಯ ಇಸ್ತ್ರಿ ಮುರಿಯುತ್ತಿರಲಿಲ್ಲ. ಏಕೆಂದರೆ ಅವರು ಬಿಸಿಲಿಗೆ ಬರುತ್ತಿರಲಿಲ್ಲ. ಬಗ್ಗಿ ನೋಡಿದವರ ಮುಖ ಹುಳಿ ಕಚ್ಚಿದಂತಾಯಿತು.

"ಇದೇನಯ್ಯಾ ಗೆರೆ?"

"ಎಣ್ಣೆ ಸೋರಿಕೆ ಸಾರ್."

"ಆ ಸೋರಿಕೆ ಹೋದ ವರ್ಷವೇ ನಿಂತುಹೋಗಿದೆಯಲ್ಲ?"

"ಎಲ್ಲಿ ಸಾರ್?"

"ಎಲ್ಲಿ ಅಂದ್ರೆ? ನಾನೇ ಮೇಲಕ್ಕೆ ತಿಳಿಸಿದ್ದೀನಿ, ಸೋರಿಕೆ ನಿಂತಿದೆ, ಬಿರುಕು ಮುಚ್ಚಿದೆ ಅಂತ."

"ಕುಟ್ಟಾಣಿಗೆ ಯಾರೂ ತಿಳಿಸಿಲ್ಲ ಸಾರ್. ಇನ್ನೂ ಸೋರ್ತಾ ಇದೆ."

"ಯಂತ್ರದ ಮಾತು ಕಟ್ಕೊಂಡು ನನ್ನ ತಲೆ ತೆಗೆಸ್ತೀಯೇನಯ್ಯಾ? ಸಾಹೇಬ್ರು ಇದನ್ನ ನೋಡಿದ್ರೆ ನನ್ನ ಗತಿ ಏನು? ಏ ಪೇಂಟರ್, ತಗೋ ಇದನ್ನ. ಎರಡೂ ಕಡೆ ಪಳಪಳ ಹೊಳೀಬೇಕು!"

ಇಕ್ಕಳ ಕೈ ಜೋಡಿಸಿದ. "ಸಾರ್, ಹೊಳಪು ಕೊಟ್ರೆ ಆಟಿಕೆ ಆಗತ್ತೆ. ಆಟಿಕೆ ಯಾರು ಬೇಕಾದ್ರೂ ಮಾಡ್ತಾರೆ. ಆ ಕೆಲಸ ನನಗೆ ಸಿಗಬೇಕು ಅಂದ್ರೆ—"

"ನಿನ್ನ ಕೆಲಸ ಆಮೇಲೆ. ಮೊದಲು ನನ್ನದು ಉಳೀಲಿ."

ಪೇಂಟರು ಮದುವೆ ಮನೆಗೆ ಸುಣ್ಣ ಹೊಡೆಯುವ ಹುರುಪಿನಲ್ಲಿ ಎಡಮಗ್ಗುಲಿಗೆ ಹೊಳೆಯುವ ಹಳದಿ ಬಳಿದ. ಕಿಟಕಿ, ಮೆಟ್ಟಿಲು, ಗಾಲಿ ಎಂಬ ಭೇದವಿಲ್ಲ. ಎಲ್ಲವೂ ಒಂದೇ ಹಳದಿ. ಬ್ರಷ್ಷನ್ನು ಮತ್ತೆ ಡಬ್ಬಿಗೆ ಅದ್ದಿ ಬಲಮಗ್ಗುಲಿಗೆ ಎತ್ತಿದ್ದಾನೆ, ಹೊರಗೆ ಕಾರಿನ ಬಾಗಿಲು ಬಡಿದ ಸದ್ದು. ಹೇಳಿದ್ದಕ್ಕಿಂತ ಮೊದಲೇ ಸಾಹೇಬರು ಬಂದುಬಿಟ್ಟಿದ್ದರು.

"ಇಡು, ಇಡು! ಕೊಳೆ ಗೋಡೆ ಕಡೆಗೆ!" ಮೇಲ್ವಿಚಾರಕರು ಪಿಸುಗುಟ್ಟಿದ್ದು ಕಿರುಚಿದಂತೆ ಕೇಳಿಸಿತು.

ಹೀಗೆ ಕುಟ್ಟಾಣಿ ಗೋಡೆಗೆ ಒತ್ತಿದ ಮೇಜಿನ ಮೇಲೆ ನಿಂತಿತು. ಸಾಹೇಬರ ಕಡೆಗೆ ಮೇಲ್ವಿಚಾರಕರ ಯಂತ್ರ. ಗೋಡೆಯ ಕಡೆಗೆ ಇಕ್ಕಳನ ಯಂತ್ರ.

ದೊಡ್ಡ ಸಾಹೇಬರು ಬಂದರು. ಹಿಂದೆ ನಾಲ್ಕು ಜನ, ಅವರು ತಲೆದೂಗಿದರೆ ದೂಗಲು. ಮಾದರಿಯನ್ನು ನೋಡಿ "ಹೂಂ" ಎಂದರು. ನಾಲ್ವರೂ "ಹೂಂ" ಎಂದರು. ಅಂಥ ಹೂಂಗಳನ್ನು ಸಾಹೇಬರು ಆ ವಾರ ಡಿಪೋಗೊಂದರಂತೆ ಹಾಕಿಕೊಂಡು ಬಂದಿದ್ದರು.

ಹೊರಡಲು ತಿರುಗಿದ ಸಾಹೇಬರು ತಡೆದು ನಿಂತರು. "ಹಿಂದೆ ಏನಿದೆ?"

"ಹಿಂದೆ ಗೋಡೆ ಸಾರ್," ಎಂದರು ಮೇಲ್ವಿಚಾರಕರು.

"ಯಂತ್ರದ ಹಿಂದೆ ಕಣ್ರೀ."

"ಅದೂ... ಗೋಡೆಗೇ ಸೇರಿದ್ದು ಸಾರ್."

ಸಾಹೇಬರು ತಾವೇ ಕೈ ಹಾಕಿ ಮಾದರಿಯನ್ನು ತಿರುಗಿಸಿದರು.

ಮೇಲ್ವಿಚಾರಕರ ಇಸ್ತ್ರಿ ಮೊದಲ ಬಾರಿಗೆ ಒದ್ದೆಯಾಯಿತು. ಸಾಹೇಬರು ಕನ್ನಡಕ ಏರಿಸಿ ತುಕ್ಕು ನೋಡಿದರು, ಬಿರುಕು ನೋಡಿದರು, ಎಣ್ಣೆಯ ಗೆರೆಯನ್ನು ಬೆರಳಿಂದ ಮುಟ್ಟಿ, ಅಂಟಿತೇನೋ ಎಂದು ಬೆರಳನ್ನೂ ನೋಡಿಕೊಂಡರು. ಇಕ್ಕಳನ ಎದೆಯಲ್ಲಿ ಆಸೆ ತಲೆಯೆತ್ತಿತು. ಕೊನೆಗೂ ಒಬ್ಬ ಕಣ್ಣಿರುವ ಮನುಷ್ಯ! "ಸಾರ್, ಇದೇ ನಿಜವಾದ—" ಎಂದು ಅವನು ಬಾಯಿ ತೆರೆದ. ಸಾಹೇಬರು ಕೈ ಎತ್ತಿ ತಡೆದರು.

"ಇದು, ನಾವು ಬರೋದಕ್ಕೆ ಮುಂಚೆ!" ಎಂದರು ತುಕ್ಕು ತೋರಿಸಿ. ಮಾದರಿಯನ್ನು ಗರಕ್ಕನೆ ತಿರುಗಿಸಿದರು. "ಇದು, ನಾವು ಬಂದ ಮೇಲೆ! ಆಹಾ! ಒಂದೇ ಯಂತ್ರದಲ್ಲಿ ನಮ್ಮ ಇಲಾಖೆಯ ಪೂರ್ತಿ ಸಾಧನೆ!"

ನಾಲ್ವರೂ ಚಪ್ಪಾಳೆ ಹೊಡೆದರು. ಮೇಲ್ವಿಚಾರಕರು ಅವರಿಗಿಂತ ಜೋರಾಗಿ ಹೊಡೆದರು. "ಅದೇ ನಮ್ಮ ಉದ್ದೇಶ ಇದ್ದಿದ್ದು ಸಾರ್!"

"ಈ ಹೊಳಪು ಯಾರ ಕೈಕೆಲಸ?"

ಹಳದಿ ಬೆರಳುಗಳನ್ನು ಬೆನ್ನ ಹಿಂದೆ ಬಚ್ಚಿಟ್ಟಿದ್ದ ಪೇಂಟರನ್ನು ಯಾರೋ ಮುಂದೆ ತಳ್ಳಿದರು.

"ಮಾದರಿ ಕೋಣೆಗೆ ಇಂಥ ಕೈಯೇ ಬೇಕು. ನಾಳೆಯಿಂದ ಅಲ್ಲಿಗೆ ಬಾಪ್ಪಾ. ಮತ್ತೆ ಈ ಕೊಳೆ ಯಾರದು?"

"ನಂದು ಸಾರ್!" ಇಕ್ಕಳ ನುಗ್ಗಿ ಬಂದ. "ಕೊಳೆ ಒಂದೇ ಅಲ್ಲ, ಪೂರ್ತಿ ಯಂತ್ರವೇ ನಂದು. ತಗಡು ಕತ್ತರಿಸಿದ್ದೂ ನಾನೇ. ಅವನು ಬಳಿದಿದ್ದು ಈಗ ತಾನೇ, ಮುಟ್ಟಿ ನೋಡಿ, ಇನ್ನೂ ಒಣಗಿಲ್ಲ!"

"ಈ ಬಿರುಕು, ಈ ಸೋರಿಕೆ, ಎಲ್ಲಾ ಕಲ್ಪನೆಯಾ?"

"ಒಂದೂ ಅಲ್ಲ ಸಾರ್. ಹೊರಗೆ ಕುಟ್ಟಾಣಿ ನಿಂತಿದೆ, ಬನ್ನಿ, ಪಕ್ಕದಲ್ಲಿಟ್ಟು ನೋಡಿ. ಒಂದು ಚುಕ್ಕೆ ಹೆಚ್ಚಿಲ್ಲ, ಒಂದು ಚುಕ್ಕೆ ಕಮ್ಮಿ ಇಲ್ಲ."

ಮೇಲ್ವಿಚಾರಕರಿಗೆ ಕೆಮ್ಮು ಬಂತು. ಸಾಹೇಬರು ಕಿಟಕಿಯಾಚೆಯ ಬಿಸಿಲು ನೋಡಿದರು. ಹೊರಗೆ ಹೋಗಿ ನೋಡುವಷ್ಟು ಸಂಶಯ ಅವರಿಗೆ ಉಳಿದಿರಲಿಲ್ಲ. ಇಕ್ಕಳನ ಹೆಗಲ ಮೇಲೆ ಕೈಯಿಟ್ಟರು.

"ಭೇಷ್! ಹೆತ್ತ ತಾಯಿಗೂ ಮಗುವಿನ ಮಚ್ಚೆಗಳು ಇಷ್ಟು ನೆನಪಿರಲ್ಲ. ಇಂಥವನನ್ನ ತಂದು ಕೋಣೆಯೊಳಗೆ, ಫ್ಯಾನಿನ ಕೆಳಗೆ ಕೂರಿಸೋದಾ? ಅನ್ಯಾಯ! ರೀ ಮೇಲ್ವಿಚಾರಕರೇ, ರಿಟೈರ್ ಆಗೋವರೆಗೂ ಇವನನ್ನ ಆ ಯಂತ್ರದಿಂದ ಬೇರೆ ಮಾಡಕೂಡದು."

"ಖಂಡಿತ ಸಾರ್."

"ಇನ್ನೊಂದು. ಈ ಮಾದರಿ ನೋಡಿ ನನಗೊಂದು ಯೋಚನೆ ಬಂತು. ಎಲ್ಲಾ ಯಂತ್ರಗಳಿಗೂ ಜನರ ಕಣ್ಣಿಗೆ ಬೀಳೋ ಮಗ್ಗುಲಿಗೆ ಹೀಗೇ ಹಳದಿ ಬಳೀರಿ. ಇವತ್ತೇ ಶುರುವಾಗ್ಲಿ."

ಕಾರು ಹೋಯಿತು. ಮಧ್ಯಾಹ್ನಕ್ಕೆಲ್ಲ ಪೇಂಟರು ಕೈ ತೊಳೆದು, ತಲೆ ಬಾಚಿ ಹೊರಟು ನಿಂತಿದ್ದ. ಹೋಗುವ ಮುಂಚೆ ತನ್ನ ದೊಡ್ಡ ಬ್ರಷ್ಷನ್ನೂ ಡಬ್ಬಿಯನ್ನೂ ಇಕ್ಕಳನ ಕೈಗಿಟ್ಟ. "ಬೇಜಾರು ಮಾಡ್ಕೋಬೇಡ ಮಾರಾಯಾ. ಅಲ್ಲಿ ಮಾದರಿ ಮಾಡೋದು ಹೆಂಗೆ ಅಂತ ಆಗಾಗ ಬಂದು ನಿನ್ನನ್ನೇ ಕೇಳ್ತೀನಿ."

ಬೆಂಕಿಯಂಥ ಬಿಸಿಲಿನಲ್ಲಿ ಇಕ್ಕಳ ಅಸಲಿ ಕುಟ್ಟಾಣಿಯ ಮುಂದೆ ನಿಂತ. ಮೇಲ್ವಿಚಾರಕರು ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂಗಿದರು.

"ಪ್ಲಾಟ್‌ಫಾರ್ಮ್ ಕಡೆ ಮಗ್ಗುಲು ಮಾತ್ರ ಕಣಯ್ಯಾ. ಬಣ್ಣ ದಂಡ ಮಾಡಬೇಡ."

"ಮುಂದಿನ ನಿಲ್ದಾಣದಲ್ಲಿ ಪ್ಲಾಟ್‌ಫಾರ್ಮ್ ಆ ಕಡೆ ಬರುತ್ತಲ್ಲ ಸಾರ್?"

ಮೇಲ್ವಿಚಾರಕರು ಟೀ ಲೋಟ ಕೆಳಗಿಟ್ಟರು.

"ಹಂಗಾದ್ರೆ ನೀನೂ ಅದರ ಮೇಲೆ ಹತ್ಕೊಂಡು ಹೋಗು. ನಿಲ್ದಾಣ ಬರೋದ್ರೊಳಗೆ ಆ ಕಡೇನೂ ಬಳಿದುಬಿಡು."

"ಯಂತ್ರ ಓಡ್ತಿರೋವಾಗ್ಲಾ ಸಾರ್?"

"ಮತ್ತೆ ಯಾವಾಗ? ಅದು ನಿಂತಾಗ ಕೆಳಗೆ ಮಲಗಿ ರಿಪೇರಿ ಮಾಡಬೇಕಾದೋನೂ ನೀನೇ ಅಲ್ವೇನಯ್ಯಾ!"