ತಪ್ಪೇ ಮಾಡದ ಹೆಬ್ಬೆರಳು

ಆಮ್ನಾ: ಸರ್, ಫೋಲ್ಡರ್ ಐತೆ. ಆದ್ರೆ ಇಲ್ಲ.

ನಾನು: ಐತೆ ಅನ್ನು, ಇಲ್ಲಾಂದ್ರೆ ಇಲ್ಲ ಅನ್ನು. ಎರಡೂ ಹೆಂಗವ್ವಾ ಆಗ್ತೈತೆ?

ಆಮ್ನಾ: ನೀವೇ ನೋಡ್ರಿ. ಹೆಸರು ಕಾಣ್ತೈತೆ. ಒತ್ತಿದ್ರೆ ‘ಇಂಥಾದ್ದು ಸಿಗಲಿಲ್ಲ’ ಅಂತೈತೆ.

ನಾನು: ಹಂಗಾರೆ ಅಳಿಸಿಬಿಡು.

ಆಮ್ನಾ: ಅಳಿಸೋಕ್ ಹೋದ್ರೆ ‘ಇಲ್ಲದ್ದನ್ನ ಏನು ಅಳಿಸ್ಲಿ’ ಅಂತೈತೆ.

ನಾನು: ನಿನ್ನ ಕಂಪ್ಯೂಟರ್‌ಗೆ ತಲೆ ಕೆಟ್ಟೈತೆ ತಾಯಿ.

ಆಮ್ನಾ: ಬೆಳಿಗ್ಗೆಯಿಂದ ಒಂಬತ್ತು ಮದುವೆ ಪತ್ರಿಕೆ ತೆಗೆದೀನಿ ಇದರಾಗ. ನಿಮ್ಮ ಪೆನ್‌ಡ್ರೈವ್ ಹಾಕಿದಾಗ ಮಾತ್ರ ತಲೆ ಕೆಡ್ತೈತೆ.

ಇದು ಆ ದಿನ ದಾವಣಗೆರೆಯಿಂದ ಹರಿಹರಕ್ಕೆ ನನ್ನ ಮೂರನೆಯ ಸವಾರಿ. ಮೊದಲ ಸಲ ಫೋಲ್ಡರಿಗೆ ‘ಸಂಚಿಕೆ’ ಎಂದು ಹೆಸರಿಟ್ಟು ತಂದೆ, ತೆರೆಯಲಿಲ್ಲ. ಪಿ.ಜೆ. ಬಡಾವಣೆಯ ಮನೆಗೆ ಓಡಿ ‘ಸಂಚಿಕೆ ಹೊಸದು’ ಎಂದು ಮಾಡಿ ತಂದೆ, ತೆರೆಯಲಿಲ್ಲ. ಈಗ ತಂದದ್ದು ‘ಸಂಚಿಕೆ ಖರೇ ಹೊಸದು’. ಬಸ್ಸಿನ ಕಂಡಕ್ಟರ್ ಟಿಕೆಟ್ ಹರಿಯುತ್ತ, “ಹರಿಹರದಾಗ ಮಗಳನ್ನ ಕೊಟ್ಟೀರೇನ್ರಿ ಯಜಮಾನ್ರೇ?” ಎಂದು ಪ್ರೀತಿಯಿಂದ ವಿಚಾರಿಸಿದ್ದ.

ನಾನು ಉಜ್ಜನಪ್ಪ. ನಲವತ್ತು ವರ್ಷ ಟೈಪಿಂಗ್ ಶಾಲೆ ನಡೆಸಿದವನು. ಮರುದಿನ ಬೆಳಿಗ್ಗೆ ಹತ್ತಕ್ಕೆ ಹಳೆಯ ಶಿಷ್ಯರೆಲ್ಲ ಸೇರಿ ನನಗೆ ಸನ್ಮಾನ ಇಟ್ಟುಕೊಂಡಿದ್ದರು. ಜೊತೆಗೆ ಅರವತ್ತನಾಲ್ಕು ಪುಟದ ಅಭಿನಂದನ ಸಂಚಿಕೆ, ಹೆಸರು ‘ತಪ್ಪೇ ಮಾಡದ ಬೆರಳುಗಳು’. ಶಿಷ್ಯರು ಪ್ರೀತಿಯಿಂದ ಇಟ್ಟ ಹೆಸರು ಎಂದು ಊರಿಗೆಲ್ಲ ಹೇಳಿದ್ದೆ. ಅದನ್ನು ಅವರ ಕಿವಿಗೆ ಹಾಕಿದವನು ನಾನೇ. ಬೇರೆಯವರ ಕೈಗೆ ಕೊಟ್ಟರೆ ತಪ್ಪಾದೀತೆಂದು ಇಡೀ ಸಂಚಿಕೆಯನ್ನು ನಾನೇ ಟೈಪ್ ಮಾಡಿ ಪುಟ ಕಟ್ಟಿದ್ದೆ. ಅಂದರೆ ನನ್ನನ್ನು ಹೊಗಳಿದ ಹದಿನೇಳು ಲೇಖನಗಳನ್ನೂ ನಾನೇ ಟೈಪ್ ಮಾಡಿದ್ದೆ, ಬೇಸರವಿಲ್ಲದೆ.

ಅಚ್ಚು ಹಾಕುವ ಹೊಣೆ ಹೊತ್ತ ಆಮ್ನಾ ಕೂಡ ನನ್ನ ಶಿಷ್ಯೆಯೇ. ಈಗ ಹರಿಹರದಲ್ಲಿ ಅವಳದೇ ಪ್ರೆಸ್ಸು. ಮಧ್ಯಾಹ್ನ ಎರಡರೊಳಗೆ ಅಚ್ಚಿಗೆ ಹೋಗದಿದ್ದರೆ ನಾಳೆ ವೇದಿಕೆಯ ಮೇಲೆ ಬಿಡುಗಡೆ ಮಾಡಲು ನನ್ನ ಶಾಲು ಬಿಟ್ಟರೆ ಬೇರೇನೂ ಇರುವುದಿಲ್ಲ. ಗಡಿಯಾರ ಒಂದೂಕಾಲು ತೋರಿಸುತ್ತಿತ್ತು.

ನಾನು: ಆಮ್ನಾ, ಖರೇ ಹೇಳು. ಹಳೇ ಸಿಟ್ಟು ತೀರಿಸ್ಕೊಳ್ತಿದ್ದೀಯೇನು?

ಆಮ್ನಾ: ಯಾವ ಸಿಟ್ಟು ಸರ್?

ನಾನು: ಅದೇ, ಪರೀಕ್ಷೆ ಹಿಂದಿನ ದಿನ ಒಂದೇ ಹಾಳೆನ ಐವತ್ತು ಸಲ ಟೈಪ್ ಮಾಡ್ಸಿದ್ನಲ್ಲ.

ಆಮ್ನಾ: ಐವತ್ತಲ್ಲ ಸರ್, ಅರವತ್ತು. ನಾನದನ್ನ ಯಾವಾಗ್ಲೋ ಮರ್ತೀನಿ ಬಿಡ್ರಿ.

ಆಗ ಆಗಿದ್ದು ಇಷ್ಟೆ. ಹುಡುಗಿ ಒಂದು ಸಾಲು ಮುಗಿಸಿ ಕೊನೆಗೆ ಸುಮ್ಮನೆ ಒಂದು ಸ್ಪೇಸ್ ಒತ್ತಿದ್ದಳು. ಹಾಳೆಯ ಮೇಲೆ ಅದು ಯಾರಿಗೂ ಕಾಣುವುದಿಲ್ಲ. ನಾನು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದವನು ತಿರುಗಿಯೂ ನೋಡದೆ, “ಆಮ್ನಾ, ಕೇಳಿಸ್ತು” ಎಂದಿದ್ದೆ. ಆ ಪ್ರಸಂಗವನ್ನು ಸಂಚಿಕೆಯ ಒಂಬತ್ತನೆಯ ಪುಟದಲ್ಲಿ ಯಾರೂ ಕೇಳದಿದ್ದರೂ ಸೇರಿಸಿದ್ದೆ, ‘ಗುರುವಿನ ಕಿವಿ’ ಎಂಬ ತಲೆಬರಹ ಕೊಟ್ಟು.

ನಾನು: ತಡಿ, ಮನೆಗೆ ಫೋನ್ ಮಾಡ್ತೀನಿ. ನನ್ನ ಕಂಪ್ಯೂಟರಿನಾಗ ತೆರೆದ್ರೆ ತಪ್ಪು ನಿಂದೇ ಅಂತ ಒಪ್ಕೋಬೇಕು.

ಆಮ್ನಾ: ಜೋರಾಗಿ ಇಡ್ರಿ ಸರ್, ನಾನೂ ಕೇಳ್ತೀನಿ.

ಮನೆಯಲ್ಲಿ ನನ್ನ ಹೆಂಡತಿ ಸರ್ವಮಂಗಳಮ್ಮ ಫೋನೆತ್ತಿದಳು.

ಸರ್ವಮಂಗಳಮ್ಮ: ಏನ್ರೀ, ಇನ್ನೂ ಅಲ್ಲೇ ಅದೀರಾ? ಮುದ್ದೆ ಆರಿ ಕಲ್ಲಾಗೈತೆ.

ನಾನು: ಮುದ್ದೆ ಇರ್ಲಿ. ಕಂಪ್ಯೂಟರಿನಾಗ ‘ಸಂಚಿಕೆ ಖರೇ ಹೊಸದು’ ಅಂತ ಐತೆ ನೋಡು. ತೆರಿ.

ಸರ್ವಮಂಗಳಮ್ಮ: ತೆರೀತು.

ನಾನು: ಕೇಳಿದ್ಯಾ ಆಮ್ನಾ? ತೆರೀತು!

ಸರ್ವಮಂಗಳಮ್ಮ: ಎಲ್ಲಾ ಅದಾವೆ. ಹನ್ನೆರಡನೇ ಪುಟದಾಗ ನೀವು ಕಣ್ಣು ಮುಚ್ಕೊಂಡಿರೋ ಫೋಟೋ ಹಾಕೀರಲ್ಲ?

ನಾನು: ಅದು ಧ್ಯಾನ.

ಸರ್ವಮಂಗಳಮ್ಮ: ಬೀಗರ ಮನಿ ಮದುವ್ಯಾಗ ನಿದ್ದಿ ಮಾಡಿದ್ದು. ಹಿಂದೆ ಚಪ್ಪರ ಕಾಣ್ತೈತೆ.

ನಾನು: ಅದೆಲ್ಲಾ ಯಾಕ ಈಗ? ಆಮ್ನಾ, ನನ್ನಲ್ಲಿ ತೆರೀತೈತೆ, ನಿನ್ನಲ್ಲಿ ತೆರಿಯಲ್ಲ. ತಪ್ಪು ಯಾರ್ದು?

ಸರ್ವಮಂಗಳಮ್ಮ: ಕುಣಿಲಾರದೋಳು ನೆಲ ಡೊಂಕು ಅಂದ್ಲಂತೆ. ಮೊದ್ಲು ಆ ಹುಡುಗಿ ಮಾತು ಕೇಳ್ರಿ.

ಆಮ್ನಾ ನನ್ನನ್ನು ನೋಡಿದಳು, ಗಡಿಯಾರ ನೋಡಿದಳು, ಆಮೇಲೆ ಎದ್ದು ತನ್ನ ಕುರ್ಚಿಯನ್ನು ನನ್ನ ಕಡೆ ಸರಿಸಿದಳು. ಮುಂದೆ ಅಕ್ಷರಗಳೆಲ್ಲ ಸವೆದ, ಒತ್ತಿದರೆ ಟಕಟಕ ಸದ್ದು ಮಾಡುವ ಹಳೆಯ ಕೀಬೋರ್ಡು.

ಆಮ್ನಾ: ಕೂಡ್ರಿ ಸರ್. ನಿಮ್ಮ ಹೆಸರು ಒಂದ್ಸಲ ಟೈಪ್ ಮಾಡ್ರಿ.

ನಾನು: ಯಾಕ?

ಆಮ್ನಾ: ಸುಮ್ನೆ. ನಿಮ್ಮ ಬೆರಳು ನೋಡಿ ಭಾಳ ವರ್ಷ ಆತು.

ಇಂಥ ಮಾತಿಗೆ ನಾನು ಯಾವತ್ತೂ ಇಲ್ಲ ಎಂದವನಲ್ಲ. ಅಂಗಿಯ ತೋಳು ಮಡಚಿಕೊಂಡು ಬಾರಿಸಿದೆ.

ಆಮ್ನಾ: ಇನ್ನೊಂದ್ಸಲ.

ಬಾರಿಸಿದೆ.

ಆಮ್ನಾ: ಸರ್, ನಿಮ್ಮ ಹೆಸರಿನಾಗ ಎಷ್ಟು ಸದ್ದು?

ನಾನು: ಅಕ್ಷರಕ್ಕೆ ಎಷ್ಟು ಬೇಕೋ ಅಷ್ಟು.

ಆಮ್ನಾ: ಒಂದು ಜಾಸ್ತಿ ಬಂತು. ಹೆಸರು ಮುಗಿದ ಮೇಲೆ ನಿಮ್ಮ ಹೆಬ್ಬೆರಳು ಸ್ಪೇಸ್ ಒತ್ತಿತು. ಎರಡೂ ಸಲ.

ನಾನು: ಛೆ ಛೆ! ನನ್ನ ಹೆಬ್ಬೆರಳಾ? ಸಾಧ್ಯನೇ ಇಲ್ಲ.

ಸರ್ವಮಂಗಳಮ್ಮ: ಯಾಕ ಸಾಧ್ಯ ಇಲ್ಲ? ಉಂಡು ಮುಗಿಸಿ ತಟ್ಟೆ ಅಂಚಿಗೆ ಒಂದ್ಸಲ ಹೆಬ್ಬೆರಳು ಕುಟ್ತೀರಿ. ಲಿಂಗಪೂಜೆ ಮಾಡಿದ್ರೂ ಕಡೀಗೆ ತೊಡೆ ಮೇಲೆ ಒಂದು ಕುಟ್ಟು. ಪೂಜೆ ಮುಗೀತು, ಕಾಫಿ ಇಡಬೇಕು ಅಂತ ನಾನು ಆ ಸದ್ದಿನಿಂದ್ಲೇ ತಿಳ್ಕೊಳ್ಳೋದು.

ನಾನು: ಫೋನ್ ಇಡೇ!

ಸರ್ವಮಂಗಳಮ್ಮ: ಇಡಲ್ಲ. ಈಗ ಚಲೋ ಆಗಾಕತ್ತೈತೆ.

ಮೂರನೆಯ ಸಲ ನಾನೇ ಹೆಬ್ಬೆರಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತ ಟೈಪ್ ಮಾಡಿದೆ. ನನ್ನ ಕಣ್ಣೆದುರೇ, ನನ್ನನ್ನೊಂದು ಮಾತೂ ಕೇಳದೆ, ಅದು ಹೋಗಿ ಒತ್ತಿ ಬಂತು. ನಲವತ್ತು ವರ್ಷ ‘ಎ, ಎಸ್, ಡಿ, ಎಫ್, ಸ್ಪೇಸ್’ ಎಂದು ಮಕ್ಕಳಿಗೆ ನಾನು ಕೂಗಿದ್ದನ್ನು ಕೇಳಿ ಕೇಳಿ, ಸ್ಪೇಸ್ ಬಾರದೆ ಯಾವ ಮಾತೂ ಮುಗಿಯುವುದಿಲ್ಲ ಎಂದು ಅದು ನಂಬಿಬಿಟ್ಟಿತ್ತು. ನನಗೆ ಒಮ್ಮೆಯೂ ಕೇಳಿಸಿರಲಿಲ್ಲ. ಬೇರೆಯವರ ತಪ್ಪಿಗೆ ಮಾತ್ರ ತೆರೆಯುವ ಕಿವಿ ನನ್ನದು. ನಾಚಿಕೆಯಾಯಿತು, ಆದರೂ ವಾದ ಬಿಡಲಿಲ್ಲ.

ನಾನು: ಆತು, ಒತ್ತಿತು ಅಂತಿಟ್ಕೋ. ಒಂದು ಖಾಲಿ ಜಾಗಕ್ಕೆ ಇಷ್ಟು ರಂಪ ಯಾಕ? ಮನೇಲಿ ಹೆಂಗೆ ತೆರೀತು?

ಆಮ್ನಾ: ಮನೇಲಿ ಯಾವುದೈತೆ, ವಿಂಡೋಸಾ?

ನಾನು: ಅಲ್ಲ. ಕಂಪ್ಯೂಟರ್ ಹಳೇದಾತು ಅಂತ ನಮ್ಮಣ್ಣನ ಮಗ ಕೊಟ್ರೇಶ ವಿಂಡೋಸ್ ತೆಗೆದು ಲಿನಕ್ಸ್ ಹಾಕಿಕೊಟ್ಟ.

ಆಮ್ನಾ: ಅದೇ ನೋಡ್ರಿ. ಲಿನಕ್ಸು ನೀವಿಟ್ಟ ಹೆಸರನ್ನ ಬಾಲದ ಸಮೇತ ಬರ್ಕೊಳ್ತೈತೆ. ಕೊನೇ ಖಾಲಿ ಜಾಗನೂ ಅದಕ್ಕೆ ಹೆಸರೇ. ನನ್ನ ವಿಂಡೋಸು ಹಂಗಲ್ಲ, ಬಾಲ ಕತ್ತರಿಸಿ ಹುಡುಕ್ತೈತೆ. ಬಾಲ ಇಲ್ಲದ ‘ಸಂಚಿಕೆ’ ಪೆನ್‌ಡ್ರೈವಿನಾಗ ಇಲ್ಲವಲ್ಲ. ಅದಕ್ಕ ಕಣ್ಣಿಗೆ ಕಂಡ್ರೂ ಇಲ್ಲ ಅಂತೈತೆ.

ನಾನು: ಇದೆಲ್ಲಾ ನಿನಗೆ ಹೆಂಗೆ ಗೊತ್ತು?

ಆಮ್ನಾ: ಹೋದ ವರ್ಷ ಒಬ್ಬ ಗಿರಾಕಿ ಮ್ಯಾಕ್‌ನಾಗ ಕೆಲಸ ಮಾಡಿ ತಂದಿದ್ದ. ಅವನ್ದೂ ಇದೇ ಬಾಲ.

ನಾನು: ನೋಡು! ನಾನೊಬ್ನೇ ಅಲ್ಲ. ಯಾರವನು?

ಆಮ್ನಾ: ಸಣ್ಣಬೀರಪ್ಪ. ನಿಮ್ಮ ಶಿಷ್ಯನೇ ಸರ್.

ಫೋನಿನಲ್ಲಿ ಸರ್ವಮಂಗಳಮ್ಮ ನಕ್ಕ ನಗೆ ಪ್ರೆಸ್ಸಿನ ಗೋಡೆಗೆ ಬಡಿದು ವಾಪಸ್ ಬಂತು.

ನಾನು: ಅಂದ್ರೆ ನಿನಗೆ ಬೆಳಿಗ್ಗೇನೇ ಗೊತ್ತಿತ್ತು!

ಆಮ್ನಾ: ಅನುಮಾನ ಇತ್ತು ಸರ್. ಆದ್ರೆ ‘ತಪ್ಪೇ ಮಾಡದ ಬೆರಳುಗಳು’ ಅನ್ನೋ ಸಂಚಿಕೆ ಹಿಡ್ಕೊಂಡು ಬಂದ ಬೆರಳಿನೋರ ಮುಂದೆ, ಹೆಂಗೆ ಹೇಳ್ಲಿ? ಬಾಯಿ ಬರಲಿಲ್ಲ.

ನಾನು: ಅದಕ್ಕ ಈ ಮುದುಕನ್ನ ಮೂರು ಸಲ ಬಸ್ ಹತ್ತಿಸಿದ್ಯಾ?

ಆಮ್ನಾ: ಅರವತ್ತು ಸಲ ಹತ್ತಿಸಲಿಲ್ಲವಲ್ಲ ಸರ್.

ನಾನು ಕುರ್ಚಿ ಬಿಟ್ಟು ಎದ್ದೆ. ಅವಳು ಕುರ್ಚಿ ವಾಪಸ್ ಎಳೆದುಕೊಂಡು ಪರದೆಯ ಮೇಲೆ ಒಂದು ಕಪ್ಪು ಕಿಟಕಿ ತೆರೆದಳು.

ಆಮ್ನಾ: ದಾರಿ ಐತೆ. ಇಲ್ಲಿ ಫೋಲ್ಡರಿನ ವಿಳಾಸದ ಮುಂದೆ ಎರಡು ಓರೆಗೆರೆ, ಒಂದು ಪ್ರಶ್ನೆಚಿಹ್ನೆ, ಮತ್ತೊಂದು ಓರೆಗೆರೆ ಹಾಕಬೇಕ್ರಿ. ಹಂಗಂದ್ರೆ, ‘ಹೆಂಗೈತೋ ಹಂಗೇ ತಗೋ, ನಿನ್ನ ಜಾಣತನ ಬ್ಯಾಡ’ ಅಂತ.

ನಾನು: ಮನುಷ್ಯರಿಗೂ ಹಂಗೆ ಹಾಕಬಹುದೇನು?

ಸರ್ವಮಂಗಳಮ್ಮ: ನಾನು ಹಂಗೆ ಹಾಕ್ಕೊಂಡೇ ನಿಮ್ಮನ್ನ ಮದುವಿ ಆಗಿದ್ದು.

ಆಮ್ನಾ ಬಾಲ ಕತ್ತರಿಸಿ ಹೊಸ ಹೆಸರು ಕೊಟ್ಟಳು. ಫೋಲ್ಡರ್ ತೆರೆಯಿತು. ಅರವತ್ತನಾಲ್ಕು ಪುಟವೂ ಇದ್ದವು, ಚಪ್ಪರದಡಿಯ ಧ್ಯಾನವೂ ಇತ್ತು. ಗಂಟೆ ಒಂದೂಮುಕ್ಕಾಲು. ಅವಳು ಪುಟ ತಿರುವುತ್ತ ಒಂಬತ್ತಕ್ಕೆ ಬಂದು ನಿಂತಳು. ‘ಗುರುವಿನ ಕಿವಿ’ಯನ್ನು ಮೊದಲಿಂದ ಕೊನೆಯವರೆಗೆ ಓದಿದಳು. ಬೈದಿದ್ದರೆ ವಾಸಿಯಿತ್ತು.

ನಾನು: ಆಮ್ನಾ, ಆ ಪುಟ ತೆಗಿ.

ಆಮ್ನಾ: ಬ್ಯಾಡ ಸರ್, ಇರ್ಲಿ. ಪುಟದ ಲೆಕ್ಕ ತಪ್ತೈತೆ. ಇವತ್ತಿಂದು ನಾನು ಯಾರಿಗೂ ಹೇಳಲ್ಲ.

ಸರ್ವಮಂಗಳಮ್ಮ: ನಾನು ಹೇಳ್ತೀನಿ.

ನಾನು: ಇಬ್ರೂ ಹೇಳೋದು ಬ್ಯಾಡ. ನಾನೇ ಹೇಳ್ತೀನಿ. ಒಂದು ತಿದ್ದುಪಡಿ ಚೀಟಿ ಅಚ್ಚು ಹಾಕು, ಎಲ್ಲಾ ಪ್ರತಿಯಾಗೂ ಒಂದೊಂದು ಇಡೋಣ.

ಆಮ್ನಾ: ಖರೇನಾ ಸರ್? ನಾಳೆ ಇನ್ನೂರು ಜನ ಓದ್ತಾರೆ.

ನಾನು: ಓದ್ಲಿ. ಅರವತ್ತು ಸಲ ಟೈಪ್ ಮಾಡೋಕಿಂತ ಇದು ಹಗುರ.

ಆಮ್ನಾ ಕೀಬೋರ್ಡನ್ನು ನನ್ನ ಮುಂದೆ ತಳ್ಳಿ, “ನೀವೇ ಟೈಪ್ ಮಾಡ್ರಿ, ನಾನು ಕಾಗದ ಹಾಕ್ತೀನಿ” ಎಂದು ಎದ್ದು ಹೋಗಿ ಮಿಶನ್ನಿನ ಕಡೆ ತಿರುಗಿ ನಿಂತಳು. ನಾನು ನಿಧಾನವಾಗಿ ಟೈಪ್ ಮಾಡಿದೆ: ‘ತಿದ್ದುಪಡಿ. ಹೊದಿಕೆಯ ಮೇಲಿನ “ತಪ್ಪೇ ಮಾಡದ ಬೆರಳುಗಳು” ಎಂಬುದನ್ನು “ನಲವತ್ತು ವರ್ಷ ಒಂದೇ ತಪ್ಪು ಮಾಡಿದ ಹೆಬ್ಬೆರಳು” ಎಂದು ಓದಿಕೊಳ್ಳಬೇಕು. ಒಂಬತ್ತನೆಯ ಪುಟದ ಹುಡುಗಿಯಲ್ಲಿ ಗುರು ಕ್ಷಮೆ ಕೋರುತ್ತಾನೆ.’ ಕೆಳಗೆ ನನ್ನ ಹೆಸರು ಹಾಕಿದೆ, ಮುಗಿಸಿದೆ. ಎದೆ ಹಗುರಾಯಿತು.

ಆಮ್ನಾ (ತಿರುಗಿಯೂ ನೋಡದೆ): ಸರ್, ಕೇಳಿಸ್ತು.