ಕೊಟ್ರೇಶನ ಮನಿಗೆ ಎ.ಸಿ. ಬಂದೈತಿ

ಈ ವರ್ಷ ಯಲಬುರ್ಗಾಕ್ಕೆ ಬೇಸಿಗೆ ಬರಲೇ ಇಲ್ಲ. ಏಪ್ರಿಲ್ ತುಂಬ ಮೋಡ, ಮೇ ತಿಂಗಳಲ್ಲಿ ದಿನ ಬಿಟ್ಟು ದಿನ ಮಳೆ. ಊರೆಲ್ಲ "ಛಲೋ ಆತು ಬಿಡ್ರಿ" ಅಂತ ಹಿಗ್ಗಿದರೆ, ಹೈಸ್ಕೂಲಿನ ಗುಮಾಸ್ತ ಕೊಟ್ರೇಶ ಒಬ್ಬನೇ ಆಕಾಶ ನೋಡಿ ಬೈಯುತ್ತಿದ್ದ. ಅವನು ಮಾರ್ಚ್ ತಿಂಗಳಲ್ಲೇ ಎ.ಸಿ. ತಂದು ಮೆಕ್ಯಾನಿಕ್ ಜಿಲಾನಿ ಕಡೆಯಿಂದ ಕೂಡಿಸಿಬಿಟ್ಟಿದ್ದ.

ಪಾಪ, ದುರಾಸೆಯ ಮನುಷ್ಯನೇನಲ್ಲ. ಹುಟ್ಟಿದಾಗಿನಿಂದ ಪ್ರತಿ ಮೇ ತಿಂಗಳೂ ಒದ್ದೆ ಟವಲ್ಲು ಹೊದ್ದು ಹೊರಳಾಡಿದವನು. ಒಮ್ಮೆಯಾದರೂ ಮೇ ತಿಂಗಳಲ್ಲಿ ಕೌದಿ ಹೊದ್ದು ಮಲಗಬೇಕು ಅನ್ನುವುದು ಅವನ ಜೀವದ ಆಸೆ. ಈ ವರ್ಷ ನೋಡಿದರೆ ಇಡೀ ಊರೇ ಪುಕ್ಕಟೆ ಕೌದಿ ಹೊದ್ದು ಮಲಗಿತ್ತು.

ಅವತ್ತು ಐತವಾರ. ಹೆಂಡತಿ ಮಲ್ಲೇಶ್ವರಿ ಚಾ ಕೊಟ್ಟು ತೀರ್ಪನ್ನೂ ಕೊಟ್ಟಳು.

"ನೋಡ್ರಿ, ಹೊರಗಿನವ್ರು ಒಬ್ಬರಾದ್ರೂ ಬಂದು 'ಈ ಎ.ಸಿ. ಈ ಮನ್ಯಾಗ ಇರಬೇಕು' ಅಂದ್ರ ಇರ್ಲಿ. ಇಲ್ಲಾಂದ್ರ ಸಂಜಿ ಐದಕ್ಕ ನಮ್ಮಣ್ಣ ಉಮಾಪತಿ ಗಾಡಿ ತರ್ತಾನ. ಗಂಗಾವತಿಗೆ ಹೋಗ್ಲಿ. ಅಲ್ಲ್ಯಾದ್ರೂ ಜಳ ಐತಿ."

ಕೊಟ್ರೇಶ ಚಾ ಅಲ್ಲೇ ಬಿಟ್ಟ. ಹಿತ್ತಲಿಗೆ ಓಡಿ ಸಹೋದ್ಯೋಗಿ ಕಲ್ಲೇಶನಿಗೆ ಫೋನ್ ಹಚ್ಚಿದ.

"ಕಲ್ಲೇಶ, ನಮ್ಮ ಮನಿಗೆ ಎ.ಸಿ. ಬಂದೈತಿ ಗೊತ್ತಲ್ಲ? ಸಂಜಿಮಟಾ ಅಷ್ಟ ಇರತೈತಿ. ಮಂದೀನ್ನ ಕರಕೊಂಡು ಬಾರೋ ಮಾರಾಯಾ. ಎಲ್ಲಾರೂ ಒಂದೊಂದ್ ಮಾತು ಹೇಳಿ ಹೋಗ್ರಿ, ನನ್ನ ಕೆಲಸ ಆಗತೈತಿ."

ಕಲ್ಲೇಶ ಹಾಸಿಗೆಯಿಂದ ಏಳಲೇ ಇಲ್ಲ. ಆದರೆ ಗೋಡೆಯಾಚೆ ಅಕ್ಕಿ ಹಸನು ಮಾಡುತ್ತಿದ್ದ ಪಕ್ಕದ ಮನೆಯ ಹಂಪವ್ವ ಮೊರ ಕೆಳಗಿಟ್ಟು ಎದ್ದಳು. ನಮ್ಮ ಕಡೆ ಹೊಲದ ತಕರಾರು ಇದ್ದವರಿಗೆಲ್ಲ ಎ.ಸಿ. ಅಂದರೆ ಒಬ್ಬರೇ: ಅಸಿಸ್ಟಂಟ್ ಕಮಿಷನರ್ ಸಾಹೇಬರು. ಕೊಟ್ರೇಶ "ಬಂದೈತಿ" ಅಂದದ್ದನ್ನು ಹಂಪವ್ವ ತಾನೇ ತಿದ್ದಿ "ಬಂದಾರ" ಮಾಡಿ ಓಣಿಗೆಲ್ಲ ಸಾರಿದಳು. ಗುಮಾಸ್ತನಿಗೆ ಮರ್ಯಾದಿ ಗೊತ್ತಿಲ್ಲ ಅಂದರೆ ಆಕೆಗೂ ಗೊತ್ತಿರಬಾರದೇನು?

ಹತ್ತು ಗಂಟೆಗೆ ಮೂರು ಜನ ಬಂದರು. ಕೊಟ್ರೇಶ ಕುಣಿದಾಡಿ ಚಾ ಮಾಡಿಸಿದ. ಹನ್ನೊಂದಕ್ಕೆ ಹದಿನೈದು ಜನ, ಹನ್ನೆರಡಕ್ಕೆ ಪಡಸಾಲಿ ತುಂಬಿ ಕಟ್ಟೆಯ ಮೇಲೂ ಜಾಗವಿಲ್ಲ. ಎಲ್ಲರ ಕೈಯಲ್ಲೂ ಕಾಗದ. ಎ.ಸಿ. ನೋಡಲು ಕಾಗದ ಯಾಕೆ ಬೇಕು ಅನ್ನುವುದು ಅವನ ತಲೆಗೆ ಹೊಳೆಯಲಿಲ್ಲ.

"ಎಲ್ಲಿ ಅದಾರ್ರಿ?" ಮುಂದಿದ್ದ ಮುದುಕಿ ಪಕ್ಕೀರವ್ವ ಕೇಳಿದಳು.

"ಬೆಡ್‌ರೂಮಿನ್ಯಾಗ."

"ಮಲಗ್ಯಾರೇನು?"

"ಇಲ್ಲವ್ವಾ, ಸ್ವಲ್ಪ ಗ್ಯಾಸಿಂದು ತ್ರಾಸ ಇತ್ತು. ನಿನ್ನೆ ಜಿಲಾನಿ ಬಂದು ತುಂಬಿ ಹೋಗ್ಯಾನ."

ಎದುರುಮನೆಯ ರಾಜಾಬೀ ಗಲ್ಲಕ್ಕೆ ಕೈ ಹಚ್ಚಿದಳು. "ಯಾ ಅಲ್ಲಾ! ಗ್ಯಾಸ್ ತೆಗೀಬೇಕೋ, ತುಂಬಬೇಕೋ? ಜಿಲಾನಿಗೆ ಬುದ್ಧಿ ಐತೇನು!" ಅನ್ನುತ್ತ ಮನೆಗೆ ಓಡಿ ಅಜವಾನ ಕುದಿಸಿದ ನೀರು ತಂದಳು.

ಅಷ್ಟರಲ್ಲಿ ಯಾರೋ ಬೆಡ್‌ರೂಮಿನ ಬಾಗಿಲು ನೂಕಿದರು. ಕೊಟ್ರೇಶ ಕಿರುಚಿದ:

"ಬಾಗಲಾ ಹಾಕ್ರಿ! ಎ.ಸಿ. ಹೊರಗ ಹೋಗತೈತಿ!"

ಅದನ್ನು ಕೇಳಿದ್ದೇ ತಡ, ನಾಲ್ಕು ಗಟ್ಟಿ ಆಳುಗಳು ಹಿತ್ತಲಿಗೆ ಓಡಿ ಹಿಂಬಾಗಿಲಿಗೆ ಅಡ್ಡ ನಿಂತರು. "ಈ ಸಲ ಬಿಡಬ್ಯಾಡ್ರಿ! ಹೋದ ಸಲಾನೂ ಮೀಟಿಂಗ್ ಐತಿ ಅಂತ ಹಿಂದಿನ ಬಾಗಲದಿಂದ ಹೋಗಿದ್ರು!"

ಆಗ ಕೊಟ್ರೇಶನಿಗೆ ಎಲ್ಲವೂ ತಿಳಿಯಿತು. ಸರಕಾರಿ ನೌಕರ, ಸಾಹೇಬರ ಹೆಸರಿನಲ್ಲಿ ಮನೆಯಲ್ಲಿ ದರ್ಬಾರು ನಡೆಸಿದ ಅಂತಾದರೆ ನೌಕರಿಗೇ ಕುತ್ತು.

"ಎಪ್ಪಾ, ಎವ್ವಾ, ಕೈ ಮುಗೀತೇನಿ! ಇದು ಆ ಎ.ಸಿ. ಅಲ್ಲ! ಇದು ಮಷಿನ್!" ಬಾಗಿಲು ಪೂರಾ ತೆರೆದು, ಗೋಡೆಯ ಮೇಲಿನ ಬಿಳಿ ಪೆಟ್ಟಿಗೆ ತೋರಿಸಿ ರಿಮೋಟ್ ಒತ್ತಿದ. ಪೆಟ್ಟಿಗೆ 'ಟೀಂ' ಅಂದಿತು. ಬಾಯಿ ಮೆಲ್ಲಗೆ ತೆರೆಯಿತು.

ಜನ ಕತ್ತು ಎತ್ತಿ ನೋಡಿದರು. ಪಕ್ಕೀರವ್ವ ಮಾತ್ರ ಒಂದು ಕುರ್ಚಿ ಎಳೆದುಕೊಂಡು ಮೇಲೆ ಹತ್ತಿ, ತನ್ನ ಅರ್ಜಿಯನ್ನು ಮಡಚಿ ಆ ಬಾಯಿಗೆ ತುರುಕಿದಳು.

"ಎವ್ವಾ! ಏನ್ ಮಾಡ್ತೀ? ಅದು ಮಷಿನ್ ಅಂತ ಹೇಳಿದ್ನೆಲ್ಲ!"

"ನನಗ ಕಣ್ಣ ಅದಾವೋ ತಮ್ಮಾ. ಮಷಿನ್ ಅಂತ ಕಾಣತೈತಿ," ಪಕ್ಕೀರವ್ವ ಶಾಂತವಾಗಿ ಹೇಳಿದಳು. "ನನ್ನ ಪಹಣ್ಯಾಗ ಪಕ್ಕೀರಪ್ಪ ಅಂತ ಬರದಾರ. ನಾ ಗಂಡಸಾಗಿ ಹತ್ತೊಂಬತ್ತು ವರ್ಷಾತು. ಎಷ್ಟ್ ಆಫೀಸಿಗೆ ಎಡತಾಕೀನಿ, ಅರ್ಜಿ ನೋಡಿ ಯಾರೂ ಬಾಯಿ ತೆಗೀಲಿಲ್ಲ. ಇದು ತೆಗೀತು."

ಮುಂದಿನವನು ಕುರ್ಚಿ ಹತ್ತಿದ. ಅವನ ಹಿಂದಿನವನೂ ಹತ್ತಿದ. ಹೊಲ ಬೇರೆ ಮಾಡಿಕೊಡಿ ಅನ್ನುವ ಪೋಡಿ ಅರ್ಜಿ, ದಾರಿ ತಕರಾರು, ಅಣ್ಣ-ತಮ್ಮಂದಿರ ಪಾಲಿನ ಜಗಳ, ಎಲ್ಲ ಒಳಗೆ ಹೋದವು. ಪೆಟ್ಟಿಗೆ ಕರ್ ಕರ್ ಅಂದಿತು, ಕೆಮ್ಮಿತು, ನಿಂತೇಬಿಟ್ಟಿತು. ಕೊಟ್ರೇಶ ನೆಲದ ಮೇಲೆ ಕೂತು ತಲೆ ಹಿಡಿದುಕೊಂಡ. ಅವನಿಗೆ ನಿಜವಾಗಿಯೂ ಅಳು ಬಂತು.

ಅರ್ಜಿ ಏನಾದಾವು ಅಂತ ಕಾಯುತ್ತ ಜನ ಅಲ್ಲೇ ಕೂತರು. ಸರಿಯಾಗಿ ಐದಕ್ಕೆ ಉಮಾಪತಿ ಗಾಡಿ ತಂದ. ಗದ್ದಲ ನೋಡಿ ಯಾರೋ ತೀರಿಕೊಂಡರೇನೋ ಅಂತ ಹೆದರಿ ಒಳಗೆ ಬಂದ. ಸಂಗತಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಮುದುಕಿಯ ಮೇಲೆ ಕನಿಕರ ಬಂದು ಮೊಬೈಲ್ ತೆಗೆದ.

"ಸರ್ವೆ ನಂಬರ್ ಹೇಳಬೇ, ಪಹಣಿ ನೋಡೋಣು."

ಪಕ್ಕೀರವ್ವ ಹೇಳಿದಳು. ಉಮಾಪತಿ ಒತ್ತಿದ, ನೋಡಿದ, ಕಣ್ಣುಜ್ಜಿಕೊಂಡು ಮತ್ತೆ ನೋಡಿದ.

"ಪಕ್ಕೀರವ್ವ ಗಂಡ ಕಾಳಪ್ಪ ಅಂತ ಬಂದೈತೆಲ್ಲಬೇ!"

ಮನೆ ಹಾರಿಹೋಗುವ ಹಾಗೆ ಚಪ್ಪಾಳೆ. ಪಕ್ಕೀರವ್ವ ಹತ್ತೊಂಬತ್ತು ವರ್ಷದ ಮೇಲೆ ಹೆಂಗಸಾದ ಖುಷಿಗೆ ಗಳಗಳ ಅತ್ತಳು. "ತಡೀರಿ, ಇದು ಹೋದ ವಾರನ ಆಗೇತಿ, ತಾರೀಖ ನೋಡ್ರಿ," ಅಂತ ಉಮಾಪತಿ ಕೂಗಿದ. ಅವನ ಮಾತು ಅವನಿಗೇ ಕೇಳಲಿಲ್ಲ.

"ಮಧ್ಯಾಹ್ನ ಕೊಟ್ರ ಸಂಜೀಕ ಕೆಲಸ! ಈ ಎ.ಸಿ. ಈ ಮನ್ಯಾಗನ ಇರಬೇಕು!" ಅಂತ ಒಬ್ಬ ಅಂದದ್ದೇ, "ಹೌದ್ರೀ, ಇರಬೇಕು!" ಅಂತ ಪಡಸಾಲಿಯೆಲ್ಲ ಕೂಗಿತು. ಹೊರಗೆ ನಾಲ್ಕು ಜನ ಉಮಾಪತಿಯ ಖಾಲಿ ಗಾಡಿಯನ್ನು ಗಂಗಾವತಿ ದಿಕ್ಕಿಗೆ ತಿರುಗಿಸಿ ನಿಲ್ಲಿಸಿದರು.

ಮಲ್ಲೇಶ್ವರಿ ಗಂಡನ ಮುಖ ನೋಡಿದಳು. "ಆತು, ನಾ ಮಾತಿಗೆ ತಪ್ಪಾಕಿ ಅಲ್ಲ. ಎ.ಸಿ. ಇಲ್ಲೇ ಇರ್ಲಿ."

ಗೆದ್ದೆ! ಕೊಟ್ರೇಶ ಎದ್ದು ನಿಂತ. ನಲವತ್ತು ಜನರ ಉಸಿರಿಗೆ ಮನೆ ಹಂಡೆಯಂತೆ ಕಾದಿತ್ತು. ಅಂಗಿ ಬೆನ್ನಿಗೆ ಅಂಟಿತ್ತು. ಈ ವರ್ಷದಲ್ಲಿ ಮೊದಲ ಸಲ ಅವನಿಗೆ ಎ.ಸಿ. ಬೇಕಾಗಿತ್ತು. ಕಾಗದ ತೆಗೆಯೋಣ ಅಂತ ಪೆಟ್ಟಿಗೆಗೆ ಕೈ ಹಾಕಿದ.

"ಏಯ್! ಅರ್ಜಿ ಮುಟ್ಟಬ್ಯಾಡ್ರಿ!" ಹತ್ತು ಕೈ ಅವನನ್ನು ಹಿಂದಕ್ಕೆಳೆದವು. ಹಂಪವ್ವ ರಿಮೋಟ್ ಕಸಿದು ಸೆರಗಿಗೆ ಗಂಟು ಹಾಕಿಕೊಂಡಳು. "ಇನ್ನೊಮ್ಮೆ ಹಚ್ಚೀಯಪ್ಪಾ, ಜ್ವಾಕಿ. ಗಾಳಿಗೆ ಮಂದಿ ಹೊಲಾ ಎಲ್ಲಾ ಹಾರಿ ಹೋಗ್ತಾವು."

ಅಷ್ಟರಲ್ಲಿ ಪೆಟ್ಟಿಗೆಯ ಮೂಲೆಯಿಂದ ನೀರು ತೊಟಕ್, ತೊಟಕ್ ಅಂತ ತೊಟ್ಟಿಕ್ಕತೊಡಗಿತು.

"ಅಯ್ಯ ಶಿವನ," ಪಕ್ಕೀರವ್ವ ಕಂಗಾಲಾದಳು. "ಸಾಹೇಬ್ರು ಬೆವರಾಕ ಹತ್ಯಾರಲ್ಲಬೇ!"

ಮಲ್ಲೇಶ್ವರಿ ಒಳಗಿನಿಂದ ಬೀಸಣಿಕಿ ತಂದು ಗಂಡನ ಕೈಗಿಟ್ಟಳು. "ಬಾಯಿ ಬಿಟ್ಟು ಏನ್ ನೋಡ್ತೀರಿ? ಕುರ್ಚಿ ಹತ್ತಿ ಗಾಳಿ ಹಾಕ್ರಿ."

ಕೊಟ್ರೇಶ ಹಣೆಯ ಬೆವರು ತೋಳಿಗೆ ಒರೆಸಿಕೊಂಡು ಕುರ್ಚಿ ಹತ್ತಿದ. ಎ.ಸಿ.ಗೆ ಗಾಳಿ ಬೀಸತೊಡಗಿದ.